ಐವತ್ತರ ಮೇಲೆ ಎಷ್ಟು

“ನೂರು,” ಎಂದ ಎಲೆ ಹಂಚುತ್ತಿದ್ದ ಡೆಲ್ಮರ್. “ಏರಿಸೋದಾದ್ರೆ ನೂರು ಮಾಡ್ಬೇಕು. ಇಲ್ಲಾಂದ್ರೆ ಐವತ್ತು ಹಾಕಿ ಸುಮ್ನಿರ್ಬೇಕು.”

ಟೋಬಿನ್ ತಾನು ಮುಂದಕ್ಕೆ ತಳ್ಳಿದ್ದ ಬಿಲ್ಲೆಗಳನ್ನು ಇನ್ನೊಮ್ಮೆ ನೋಡಿದ. ಇಪ್ಪತ್ತೈದು ಡಾಲರಿನ ಹಸಿರು ಬಿಲ್ಲೆ ಮೂರು, ಐದರ ಕೆಂಪು ಬಿಲ್ಲೆ ಒಂದು.

“ಎಂಬತ್ತು ಸಾಕು,” ಎಂದ. “ಜಸ್ಟೋ ಇಪ್ಪತ್ತು ಕಟ್ಟಿದ್ರು. ಆರ್ಡಿಸ್ ಅದನ್ನ ಐವತ್ತು ಮಾಡಿದ್ರು. ಅಂದ್ರೆ ಅವ್ರು ಏರಿಸಿದ್ದು ಮೂವತ್ತು. ನಾನೂ ಮೂವತ್ತು ಏರಿಸಿದ್ದೀನಿ. ಐವತ್ತು, ಮೂವತ್ತು, ಎಂಬತ್ತು. ಅಷ್ಟೇ ತಾನೆ?”

“ಐವತ್ತರ ಎರಡರಷ್ಟು ನೂರು. ಇಲ್ಲಿ ಮೂವತ್ತು ವರ್ಷದಿಂದ ಹೀಗೇ.”

“ಬೇರೆ ಎಲ್ಲೂ ಹೀಗಿಲ್ವಲ್ಲ.”

“ಬೇರೆ ಎಲ್ಲಾದ್ರೂ ಕೂತಿದ್ದೀವೇನಪ್ಪಾ ನಾವು?” ಎಂದ ಜಸ್ಟೋ, ತಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯನ್ನು ಬ್ರೆಡ್ಡಿನಿಂದ ಒರೆಸುತ್ತ. ಕುರಿಗಳನ್ನೆಲ್ಲ ಮಾರಿ ಆರು ವರ್ಷವಾದ ಮೇಲೂ ಅವನು ಬೆಳಗಿನ ನಾಲ್ಕಕ್ಕೇ ಏಳುತ್ತಿದ್ದ. ಆಟ ಶುರುವಾಗುವ ಹೊತ್ತಿಗೆ ಅವನಿಗೆ ಮಧ್ಯಾಹ್ನವಾಗಿರುತ್ತಿತ್ತು.

“ಫ್ಲೋರ್!” ಎಂದು ಟೋಬಿನ್ ಕೈ ಎತ್ತಿದ. ಜೋರಾಗಿ ಕೂಗಲಿಲ್ಲ. ಜೋರು ಮಾಡುವ ಹುಡುಗನೂ ಅಲ್ಲ. ಕಲ್ಲು ಪರೀಕ್ಷೆಯ ಕೆಲಸಕ್ಕೆಂದು ಕೊಲರಾಡೋದಿಂದ ಇಲ್ಲಿನ ಚಿನ್ನದ ಗಣಿಗೆ ಬಂದು ಎರಡು ತಿಂಗಳಾಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದು, ಒಂದೆರಡು ಗಂಟೆ ಆಡಿ, ಆಮೇಲೆ ಮಲಗಲು ಹೋಗುತ್ತಿದ್ದ.

ಬಾಗಿಲ ಪಕ್ಕದ ಎತ್ತರದ ಕಟ್ಟೆಯ ಹಿಂದಿನಿಂದ ವರ್ಲಾ ಎದ್ದಳು. ಸೇಜ್ ಹೆನ್ ಹೋಟೆಲಿನ ಹಿಂಭಾಗದ ಆ ಇಸ್ಪೀಟು ಕೋಣೆಯಲ್ಲಿ ನಾಲ್ಕು ಮೇಜುಗಳಿದ್ದವು. ಬೆಳಿಗ್ಗೆ ಹತ್ತೂವರೆಗೆ ನಡೆಯುತ್ತಿದ್ದದ್ದು ಒಂದೇ. ತಕರಾರು ಬಂದಾಗ ಆಡುವವರು ‘ಫ್ಲೋರ್’ ಎನ್ನುತ್ತಾರೆ, ವರ್ಲಾ ಹೋಗಿ ತೀರ್ಪು ಕೊಡುತ್ತಾಳೆ. ಒಂಬತ್ತು ತಿಂಗಳಿಂದ ಅದು ಅವಳ ಕೆಲಸ. ಅದಕ್ಕೆ ಮುಂಚೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವಳೂ ಎಲೆ ಹಂಚಿದವಳೇ. ಹಂಚುವುದನ್ನು ಕಲಿಸಿದವನು ಡೆಲ್ಮರ್.

ಕಟ್ಟೆಯಿಂದ ಮೇಜಿಗೆ ಹತ್ತು ಹೆಜ್ಜೆ. ಎಂಬತ್ತು, ನೂರು ಎಂಬ ಎರಡು ಅಂಕಿಗಳು ಅವಳಿಗೆ ಕೂತಲ್ಲೇ ಕೇಳಿಸಿದ್ದವು. ತೀರ್ಪು ಏನೆಂದೂ ಗೊತ್ತಿತ್ತು. ಡೆಲ್ಮರ್ ಹೆಸರಿನಲ್ಲಿ ಆಗಲೇ ಎರಡು ದೂರುಗಳು ದಾಖಲಾಗಿದ್ದವು. ಮಾರ್ಚಿನಲ್ಲಿ ಹಂಚುವಾಗ ಒಂದು ಎಲೆ ಮಗುಚಿ ಅದರ ಮುಖ ಎಲ್ಲರಿಗೂ ಕಂಡಿತ್ತು. ಮೇ ತಿಂಗಳಲ್ಲಿ ಊರಿಗೆ ಹೊಸಬನೊಬ್ಬನ ಟೋಪಿಯ ಬಗ್ಗೆ ಅವನು ಆಡಿದ ತಮಾಷೆ ಆ ಮನುಷ್ಯನಿಗೆ ಹಿಡಿಸಿರಲಿಲ್ಲ. ಆರು ತಿಂಗಳಲ್ಲಿ ಮೂರು ದೂರು ಬಂದರೆ ಹಂಚುವವನು ಮೇಜು ಬಿಡಬೇಕು. ಹೋಟೆಲನ್ನು ಕಳೆದ ವರ್ಷ ಕೊಂಡ ಶೆರಿಡನ್ ಹಾಗೆಂದು ಬರೆದು ಕಳಿಸಿದ್ದ. ಡೆಲ್ಮರನಿಗೆ ಎಪ್ಪತ್ತೊಂದು. ಈ ವಯಸ್ಸಿನಲ್ಲಿ ಮೇಜು ಬಿಟ್ಟವನನ್ನು ಇನ್ನೆಲ್ಲಿ ಕೂರಿಸಿಕೊಳ್ಳುತ್ತಾರೆ?

“ಹೇಳಿ, ಡೆಲ್ಮರ್,” ಎಂದಳು. ಮೊದಲು ಹಂಚುವವನ ಮಾತು ಕೇಳುವುದು ಕ್ರಮ.

ಡೆಲ್ಮರ್ ಎಲೆಕಟ್ಟಿನ ಮೇಲೆ ಎಡಗೈಯಿಟ್ಟು ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾರು ಎಷ್ಟು ಕಟ್ಟಿದರು, ಯಾರು ಎಷ್ಟಕ್ಕೆ ಏರಿಸಿದರು, ಈಗ ಯಾರ ಸರದಿ. ವಿಷಯ ಹೇಳುವಾಗ ಯಾರ ಮುಖವನ್ನೂ ನೋಡಬಾರದು, ಬಿಲ್ಲೆಗಳನ್ನು ಮಾತ್ರ ನೋಡಬೇಕು ಎಂದು ಅವಳಿಗೆ ಕಲಿಸಿದವನೂ ಅವನೇ. ಈಗ ಅವನು ಬಿಲ್ಲೆಗಳನ್ನೇ ನೋಡುತ್ತಿದ್ದ.

“ಎಂಬತ್ತು ನಿಲ್ಲುತ್ತೆ,” ಎಂದಳು ವರ್ಲಾ. “ಹಿಂದಿನವರು ಎಷ್ಟು ಏರಿಸಿದ್ರೋ ಕನಿಷ್ಠ ಅಷ್ಟು ಏರಿಸಿದ್ರೆ ಸಾಕು. ಮೂವತ್ತರ ಮೇಲೆ ಮೂವತ್ತು. ಎಂಬತ್ತು ಸರಿ.”

ಡೆಲ್ಮರ್ ತಲೆ ಎತ್ತಿ ಒಮ್ಮೆ ಅವಳ ಕಡೆ ನೋಡಿದ. ಕೋಪದ ನೋಟವಲ್ಲ. ಹೊರಡುವ ಬಸ್ಸಿನ ಹೊತ್ತು ಬದಲಾಗಿದೆ ಎಂದು ಯಾರೋ ಹೇಳಿದಾಗ ನೋಡುವಂತೆ ನೋಡಿದ.

“ಎಂಬತ್ತು,” ಎಂದು ಮೇಜಿಗೆ ಸಾರಿದ. “ಜಸ್ಟೋ, ನಿನ್ನ ಸರದಿ.”

ಜಸ್ಟೋ ನಡುವೆ ತೆರೆದಿಟ್ಟಿದ್ದ ಮೂರು ಎಲೆಗಳನ್ನು ನೋಡಿದ. ಆಟೀನಿನ ರಾಜ, ಒಂಬತ್ತು, ನಾಲ್ಕು. ಆಮೇಲೆ ಟೋಬಿನ್ ಕಡೆಗೆ ತಿರುಗಿದ.

“ಎಂಬತ್ತಕ್ಕೋಸ್ಕರ ಇಷ್ಟು ಹೊತ್ತು ವಕಾಲತ್ತು ಮಾಡೋನ ಕೈಯಲ್ಲಿ ಇನ್ನೆರಡು ರಾಜ ಇಲ್ದೆ ಹೋದ್ರೆ ನನ್ನ ಮೀಸೆ ಬೋಳಿಸ್ಕೊಳ್ತೀನಿ. ಪ್ಯಾಕ್.” ಎಲೆ ಬಿಸಾಕಿದ.

“ನಿಂಗೆ ಮೀಸೆ ಎಲ್ಲಿದೆಯೋ?” ಎಂದಳು ಆರ್ಡಿಸ್. ನಲವತ್ತು ವರ್ಷ ಇದೇ ಊರಿನ ಶಾಲೆಯಲ್ಲಿ ಪಾಠ ಹೇಳಿದವಳು. ಜಸ್ಟೋನ ಮೂವರು ಮಕ್ಕಳ ಕಿವಿ ಹಿಂಡಿದವಳು. ತನ್ನ ಎರಡು ಎಲೆಗಳನ್ನು ಇನ್ನೊಮ್ಮೆ ಎತ್ತಿ ನೋಡಿ, ನಿಟ್ಟುಸಿರು ಬಿಟ್ಟು, “ನಾನೂ ಪ್ಯಾಕ್” ಎಂದಳು.

ಡೆಲ್ಮರ್ ಪಣವನ್ನೆಲ್ಲ ಟೋಬಿನ್ ಕಡೆಗೆ ಸರಿಸಿದ. ಟೋಬಿನ್ ಅದನ್ನು ಮುಟ್ಟದೆ ಕೂತ.

“ನೋಡಿದ್ರಾ?” ಎಂದ ವರ್ಲಾಳಿಗೆ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. “ಕಡಿಮೆ ಏರಿಸಿದ್ದೇ ಇವ್ರಿಬ್ರೂ ಒಳಗೆ ಬರ್ಲಿ ಅಂತ. ಮಾತಿಲ್ಲದೆ ಎಂಬತ್ತು ಇಟ್ಟಿದ್ರೆ ಇಬ್ರೂ ಬರೋರು. ಈಗ ನನ್ನ ಕೈಯಲ್ಲಿರೋದನ್ನ ಊರಿಗೆಲ್ಲ ಡಂಗುರ ಹೊಡೆದ ಹಾಗಾಯ್ತು. ಡೆಲ್ಮರ್ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಬರ್ದು ಕೊಡ್ತೀನಿ. ಪುಸ್ತಕ ತನ್ನಿ.”

“ಬರೆಯೋದು ಬೇಡ ಬಿಡಪ್ಪಾ,” ಎಂದ ಜಸ್ಟೋ. “ಡೆಲ್ಮರ್ ಕೂತಾಗ ಡೆಲ್ಮರ್ ಲೆಕ್ಕ. ಬೇರೆಯವ್ರು ಕೂತಾಗ ಬೇರೆ ಲೆಕ್ಕ. ನಮಗೆಲ್ಲ ಗೊತ್ತಿರೋದೇ.”

“ನಂಗೆ ಗೊತ್ತಿರ್ಲಿಲ್ವಲ್ಲ.”

ವರ್ಲಾ ದೂರು ಪುಸ್ತಕ ತಂದಳು. ಹಾಳೆಗಳಿಗೆಲ್ಲ ಅಂಕಿ ಅಚ್ಚಾಗಿತ್ತು. ಒಂದನ್ನು ಹರಿದರೂ ಯಾಕೆಂದು ಶೆರಿಡನ್‌ಗೆ ಹೇಳಬೇಕಿತ್ತು. ಟೋಬಿನ್ ನಾಲ್ಕು ಸಾಲು ಬರೆದ. ಸಹಿ ಹಾಕುವ ಹೊತ್ತಿಗೆ ಆರ್ಡಿಸ್ ಮೆಲ್ಲಗೆ, “ಇದು ಅವನ ಮೂರನೇದು” ಎಂದಳು. ಟೋಬಿನ್‌ನ ಕೈ ನಿಂತಿತು. “ಹಾಗಂದ್ರೆ?” ಎಂದ. ಹಾಗೆಂದರೆ ಏನೆಂದು ಅವಳು ಹೇಳಿದಳು. ಅವನು ಡೆಲ್ಮರ್ ಕಡೆ ನೋಡಿದ. ಡೆಲ್ಮರ್ ಮುಂದಿನ ಕೈ ಹಂಚಲು ಎಲೆ ಕಲಸುತ್ತಿದ್ದ.

“ಸಹಿ ಮಾಡಪ್ಪಾ,” ಎಂದ ಡೆಲ್ಮರ್, ತಲೆ ಎತ್ತದೆ. “ಬರ್ದಿದ್ದು ಸುಳ್ಳಲ್ಲ. ಬೇಗ ಮಾಡು, ಆಟ ನಿಂತಿದೆ.”

*

ಸಹಿಯ ಕೆಳಗೆ ಫ್ಲೋರ್‌ನವರು ತುಂಬಬೇಕಾದ ಜಾಗವಿತ್ತು. ದಿನಾಂಕ, ಹೊತ್ತು, ಮೇಜಿನ ಸಂಖ್ಯೆ, ಹಂಚಿದವನ ಹೆಸರು. ಕೊನೆಯಲ್ಲಿ ಒಂದು ಪ್ರಶ್ನೆ: ಈ ನಿಯಮವನ್ನು ಇವರಿಗೆ ಓದಿ ಹೇಳಲಾಗಿತ್ತೇ? ಹೌದು ಅಥವಾ ಇಲ್ಲ.

ವರ್ಲಾ ಉಳಿದದ್ದನ್ನೆಲ್ಲ ತುಂಬಿ ಅಲ್ಲಿಗೆ ಬಂದು ನಿಂತಳು.

ಜನವರಿಯಲ್ಲಿ ಶೆರಿಡನ್ ಲಾಸ್ ವೇಗಸ್‌ನಿಂದ ಹನ್ನೆರಡು ಪುಟದ ನಿಯಮಗಳನ್ನು ಕಳಿಸಿದ್ದ. ಹಂಚುವವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಪುಟ ಪುಟವಾಗಿ ಓದಿ ಹೇಳಿ, ಕೊನೆಯಲ್ಲಿ ಸಹಿ ಹಾಕಿಸಿ ಕಳಿಸಬೇಕು. ನಾಲ್ವರಿಗೆ ಹಾಗೆಯೇ ಮಾಡಿದ್ದಳು. ಡೆಲ್ಮರನಿಗೂ ಆರನೆಯ ಪುಟದವರೆಗೆ ಓದಿದ್ದಳು. ಏಳನೆಯ ಪುಟ ಪಣ ಏರಿಸುವುದರ ಬಗ್ಗೆ. ಅದರ ಮೊದಲ ಸಾಲಿನ ಮೇಲೆ ಕಣ್ಣು ಬಿದ್ದಾಗ ಅವಳ ನಾಲಿಗೆ ಏಳಲಿಲ್ಲ. ಎದುರಿಗೆ ಅವನು ಕೈಕಟ್ಟಿಕೊಂಡು ಶ್ರದ್ಧೆಯಿಂದ ಕೇಳುತ್ತಿದ್ದ. ಇವನಿಂದಲೇ ಕಲಿತು ಇವನಿಗೇ, ನೀವು ಮೂವತ್ತು ವರ್ಷ ಹೇಳಿಕೊಂಡು ಬಂದದ್ದು ತಪ್ಪು ಎಂದು ಹೇಗೆ ಹೇಳುವುದು? “ಉಳಿದಿದ್ದೆಲ್ಲ ನಿಮಗೆ ಗೊತ್ತಿರೋದೇ” ಎಂದು ಕೊನೆಯ ಪುಟ ತೆಗೆದು ಮುಂದೆ ಇಟ್ಟಿದ್ದಳು. ಅವನು ಕನ್ನಡಕ ಕೂಡ ಹಾಕಿಕೊಳ್ಳದೆ ಸಹಿ ಮಾಡಿದ್ದ. ಪೂರ್ತಿ ಓದಿ ಹೇಳಿದ್ದೇನೆ ಎಂಬ ಸಾಲಿನ ಕೆಳಗೆ ಅವಳೂ ಸಹಿ ಮಾಡಿದ್ದಳು.

ಹಾಗೆ ನೋಡಿದರೆ ಅಂಥ ತೊಡಕು ದಿನಾ ಬರುವುದೂ ಅಲ್ಲ. ಈ ಆಟದಲ್ಲಿ ಮೇಲಕ್ಕೆ ಮಿತಿಯಿಲ್ಲ. ಮುಂದಿರುವುದನ್ನೆಲ್ಲ ಒಂದೇ ಸಲ ಒಡ್ಡಬಹುದು. ಹಾಗಾಗಿ ಏರಿಸುವವರು ಧಾರಾಳವಾಗಿಯೇ ಏರಿಸುತ್ತಿದ್ದರು. ಕೆಳಗಿನ ಮಿತಿ ಎಷ್ಟೆಂದು ಕೇಳುವವರು ತಿಂಗಳಿಗೆ ಒಬ್ಬರೋ ಇಬ್ಬರೋ. ಕೇಳಿದವರಿಗೆ ಡೆಲ್ಮರ್ ಎರಡರಷ್ಟು ಎನ್ನುತ್ತಿದ್ದ. ಊರವರು ಎರಡರಷ್ಟು ಹಾಕುತ್ತಿದ್ದರು.

ಅವಳಿಗೆ ಅದು ತಪ್ಪೆಂದು ಗೊತ್ತಾದದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ರೀನೋದಲ್ಲಿ. ದೊಡ್ಡ ಜೂಜುಮನೆ, ಐವತ್ತು ಮೇಜು. ಕೆಲಸ ಕೇಳಲು ಬಂದವರು ನಡೆಯುತ್ತಿರುವ ಆಟದಲ್ಲೇ ಇಪ್ಪತ್ತು ನಿಮಿಷ ಹಂಚಿ ತೋರಿಸಬೇಕಿತ್ತು. ಹದಿನೈದು ನಿಮಿಷ ಚೆನ್ನಾಗಿಯೇ ಹಂಚಿದಳು. ಆಮೇಲೆ ಒಬ್ಬ ಹೆಂಗಸು ಪಣ ಏರಿಸಿದಾಗ, “ಎರಡರಷ್ಟು ಆಗ್ಬೇಕು” ಎಂದುಬಿಟ್ಟಳು. ಮೇಜಿನ ಸುತ್ತ ಎಂಟು ಜನ ಒಟ್ಟಿಗೆ ನಕ್ಕರು. ಕೆಟ್ಟ ನಗೆಯೇನಲ್ಲ. ಮ್ಯಾನೇಜರ್ ಬಂದು ಹೆಗಲು ತಟ್ಟಿ ಅವಳನ್ನು ಎಬ್ಬಿಸಿದ. ಬಸ್ಸಿನಲ್ಲಿ ನಾಲ್ಕು ಗಂಟೆ ಕೂತು ಊರಿಗೆ ಬಂದಳು. ಡೆಲ್ಮರ್ ಕೇಳಿದಾಗ, “ಈಗ ಯಾರೂ ಬೇಡ್ವಂತೆ” ಎಂದಳು. ಅವನಿಗೆ ಗೊತ್ತಿಲ್ಲದ್ದನ್ನು ಅವನು ಹೇಗೆ ಕಲಿಸಿಯಾನು ಎಂದು ಸಮಾಧಾನ ಮಾಡಿಕೊಂಡಳು. ಆಮೇಲೆ ಮದುವೆ, ಮಗಳು, ಗಣಿಯ ಲಾರಿಯಡಿ ಗಂಡನ ಸಾವು, ಎಲ್ಲ ಈ ಊರಿನಲ್ಲೇ ಆದವು.

ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಹಿಂದಕ್ಕೆ ಹೋದಳು.

*

ಹಂಚುವವರಿಗೆ ಅರ್ಧ ಗಂಟೆ ಬಿಡುವು. ಡೆಲ್ಮರ್ ಹಿಂಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸಾರು ಕುಡಿಯುತ್ತಿದ್ದ. ಬಾಗಿಲು ತೆರೆದೇ ಇತ್ತು. ಆಚೆ ರೈಲು ಹಳಿ, ಹಳಿಯಾಚೆ ಬೂದು ಪೊದೆಗಳ ಬಯಲು, ಅದರಾಚೆ ಗುಡ್ಡ. ಜೂನಿನ ಬಿಸಿಲಿಗೆ ಎಲ್ಲ ಒಂದೇ ಬಣ್ಣವಾಗಿತ್ತು.

“ಬರ್ದಾಯ್ತಾ?” ಎಂದ.

“ಒಂದು ಉಳಿದಿದೆ.” ಅವಳು ಇನ್ನೊಂದು ಕುರ್ಚಿ ಎಳೆದುಕೊಂಡಳು. “ಈ ನಿಯಮವನ್ನ ನಿಮಗೆ ಓದಿ ಹೇಳಿದ್ರಾ ಅಂತ ಕೇಳಿದ್ದಾರೆ. ಇಲ್ಲ ಅಂತ ಹಾಕ್ತೀನಿ. ಆಗ ಇದು ನಿಮ್ಮ ಮೇಲೆ ಬರಲ್ಲ.”

“ನಿನ್ನ ಮೇಲೆ ಬರುತ್ತೆ.”

“ಬರ್ಲಿ. ಓದದೆ ಇದ್ದಿದ್ದು ನಾನೇ ತಾನೆ? ಏಳನೇ ಪುಟ ನಿಮಗೆ ಓದಲೇ ಇಲ್ಲ.”

“ಗೊತ್ತು. ಆರಾದ್ಮೇಲೆ ಹನ್ನೆರಡಕ್ಕೆ ಹೋದೆ. ನನ್ನ ಕಣ್ಣು ಮಂಜು, ಕಿವಿಯಲ್ಲ.” ಒಂದು ಗುಟುಕು ಕುಡಿದ. “ಯಾಕೆ ಓದ್ಲಿಲ್ಲ?”

ಅವಳು ತಡೆದು ಹೇಳಿದಳು. “ನಿಮಗೆ ಅದು ಗೊತ್ತಿಲ್ಲ ಅಂದ್ಕೊಂಡಿದ್ದೆ. ಅದನ್ನ ನಾನು ನಿಮ್ಮ ಮುಖಕ್ಕೆ ಹೇಳೋ ಹಾಗಾಗ್ಬಾರ್ದು ಅಂತ.”

ಡೆಲ್ಮರ್ ಚಮಚವನ್ನು ಬಟ್ಟಲಿನೊಳಗೆ ಬಿಟ್ಟ.

“ನಂಗೆ ಗೊತ್ತಿತ್ತು ವರ್ಲಾ. ಮೊದಲಿಂದ್ಲೂ ಗೊತ್ತಿತ್ತು.”

ವರ್ಲಾ ಪುಸ್ತಕವನ್ನು ತೊಡೆಯ ಮೇಲೆ ಮುಚ್ಚಿಟ್ಟಳು.

“ಎರಡರಷ್ಟು ಅನ್ನೋದು ಆಗಿನ ಮಾಲೀಕ, ಮುದುಕ ಹ್ಯಾಡ್ಲಿ ಮಾಡಿದ್ದು. ನೀನು ಬರೋಕೆ ಮುಂಚಿನ ಮಾತು. ಆಗ ಸಂಬಳದ ದಿನ ಕುರಿ ಉಣ್ಣೆ ಕತ್ತರಿಸೋರು ಬಂದು ಕೂರೋರು, ಕುಡ್ದುಕೊಂಡೇ ಆಡೋರು. ಒಂದಿನ ಹೀಗೇ, ಒಬ್ಬ ಹದಿನೈದು ಕಟ್ಟಿದ, ಒಬ್ಬ ನಲವತ್ತು ಮಾಡಿದ, ಇನ್ನೊಬ್ಬ ಅದನ್ನ ಅರವತ್ತು ಮಾಡಿದ. ಸಾಲಲ್ಲ ಅಂದೆ. ಯಾಕೆ ಸಾಲಲ್ಲ ಅಂದ. ನಲವತ್ತರಲ್ಲಿ ಹದಿನೈದು ಕಳಿ ಅಂದೆ. ಕಳೆದ. ಮೂವತ್ತೈದು ಬಂತು ಅವನಿಗೆ. ಪಕ್ಕದೋನಿಗೆ ಹದಿನೈದು ಬಂತು. ಇಬ್ರೂ ಹೊಡೆದಾಡಿದ್ರು. ಕತ್ತರಿಯಿಂದ ಒಬ್ಬನ ಕಣ್ಣು ಹೋಯ್ತು, ಇದೇ ಬಾಗಿಲ ಹತ್ರ.” ಅವನು ಬಾಗಿಲ ಕಡೆ ನೋಡಲಿಲ್ಲ. “ಮಾರನೇ ದಿನ ಹ್ಯಾಡ್ಲಿ ಬಂದು ಹೇಳಿದ: ಇನ್ಮೇಲೆ ಎರಡರಷ್ಟು. ಕುಡ್ದೋನೂ ಎರಡರಷ್ಟು ಹೇಳ್ತಾನೆ. ಕಳೆಯೋಕೆ ನೆಟ್ಟಗಿರೋನೇ ಬೇಕು. ಅಷ್ಟೇ. ಅವತ್ತಿಂದ ಇದರ ಮೇಲೆ ಜಗಳ ಆಗ್ಲಿಲ್ಲ. ಇವತ್ತಿನವರೆಗೆ.”

ಅವಳಿಗೆ ನಗು ಬರಬೇಕಿತ್ತು. ಅರ್ಧ ಬಂದಿತು ಕೂಡ. ಎದೆಯ ಮೇಲಿಂದ ಎಷ್ಟೋ ವರ್ಷದ ಭಾರ ಇಳಿದಂತಾಯಿತು. ಅವನು ತಿಳಿಯದವನಾಗಿರಲಿಲ್ಲ. ಅವನಿಗಾಗಿ ತಾನು ಇಷ್ಟು ದಿನ ಮರುಗಬೇಕಾಗಿರಲಿಲ್ಲ. ಆಮೇಲೆ ಅದೇ ಜಾಗದಲ್ಲಿ ಬೇರೆ ಏನೋ ಬಂದು ಕೂತಿತು.

“ನನಗ್ಯಾಕೆ ಹೇಳ್ಲಿಲ್ಲ?”

“ಇಲ್ಲಿ ಹಂಚೋಳಿಗೆ ಇಲ್ಲಿಯ ಲೆಕ್ಕ ಸಾಕು ಅಂದ್ಕೊಂಡೆ.”

“ರೀನೋಗೆ ಹೋಗ್ತೀನಿ ಅಂದಾಗ?”

“ಆಗ ಹೊಳೀಲಿಲ್ಲ. ಸತ್ಯವಾಗ್ಲೂ ಹೊಳೀಲಿಲ್ಲ. ಎಷ್ಟು ವರ್ಷದಿಂದ ಎರಡರಷ್ಟು ಅಂತಿದ್ದೆ, ಬೇರೆ ಒಂದಿದೆ ಅನ್ನೋದೇ ಮರೆತುಹೋಗಿತ್ತು.”

ಸರಕು ರೈಲು ಬಂತು. ಅದು ಹೋಗುವವರೆಗೆ ಮಾತಾಡಿದರೆ ಕೇಳುವುದಿಲ್ಲ ಎಂದು ಊರಿಗೆಲ್ಲ ಗೊತ್ತು, ಇಬ್ಬರೂ ಕಾದರು. ಗಾಡಿಗಳು ಒಂದೊಂದಾಗಿ ಬಾಗಿಲನ್ನು ದಾಟಿದವು. ಡೆಲ್ಮರ್ ಬಟ್ಟಲನ್ನು ನೆಲದ ಮೇಲಿಟ್ಟು, ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡಿದ್ದ. ಕೊನೆಯ ಗಾಡಿ ಹೋಯಿತು.

“ನೀನು ವಾಪಸ್ ಬಂದ ಮಾರನೇ ದಿನ ಅಲ್ಲಿನ ಮ್ಯಾನೇಜರ್ ಇಲ್ಲಿಗೆ ಫೋನ್ ಮಾಡಿದ್ದ,” ಎಂದ. “ನಾನೇ ಎತ್ತಿದೆ. ‘ಈ ಹುಡುಗಿಗೆ ಯಾರಯ್ಯಾ ಎರಡರಷ್ಟು ಅಂತ ಕಲ್ಸಿದ್ದು’ ಅಂದ. ‘ನಾನೇ’ ಅಂದೆ. ಸಿಕ್ಕಾಪಟ್ಟೆ ನಕ್ಕ. ಆಮೇಲೆ, ‘ಕೈ ಚೆನ್ನಾಗಿದೆ ಹುಡುಗೀದು. ಅದೊಂದನ್ನ ತಿದ್ದಿ ಮುಂದಿನ ವಾರ ಕಳ್ಸು. ಇನ್ನೊಂದ್ಸಲ ಕೂರ್ಸಿ ನೋಡ್ತೀನಿ’ ಅಂದ.”

ವರ್ಲಾ ಅವನ ಬಾಯನ್ನೇ ನೋಡುತ್ತಿದ್ದಳು.

“ನೀವು ಹೇಳ್ಲಿಲ್ಲ.”

“ಹೇಳ್ಲಿಲ್ಲ.”

“ಯಾಕೆ?”

“ಆಗ ಇಲ್ಲಿ ನಾವಿಬ್ರೇ ಇದ್ದಿದ್ದು. ನೀನು ಹೋಗಿದ್ರೆ ಹ್ಯಾಡ್ಲಿ ಕೋಣೆ ಮುಚ್ಚೋನು. ನಂಗೆ ಆಗ ಐವತ್ತು. ಬೇರೆ ಏನು ಬರುತ್ತೆ ನಂಗೆ? ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ವಾರ ಕಳೀತು. ವಾರ ಕಳೆದ್ಮೇಲೆ ಹೇಳಿ ಏನು ಪ್ರಯೋಜನ ಅಂತ ಆಯ್ತು.” ಅವನು ಪುಸ್ತಕದ ಕಡೆ ಗದ್ದ ತೋರಿಸಿದ. “ಅದಕ್ಕೇ ಹೇಳ್ತಿದ್ದೀನಿ. ಹೌದು ಅಂತ ಗುರುತು ಹಾಕು. ನಂಗೆ ಗೊತ್ತಿದ್ದ ನಿಯಮವೇ. ಗೊತ್ತಿದ್ದೂ ತಪ್ಪು ಹೇಳ್ದೆ. ಮೇಜು ಬಿಡ್ತೀನಿ. ನೀನ್ಯಾಕೆ ನನಗೋಸ್ಕರ ಕೆಲಸ ಕಳ್ಕೋಬೇಕು?”

ವರ್ಲಾ ಎದ್ದಳು. ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿದಳು. ಒಳಕ್ಕೆ ನಡೆದಳು.

ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಕೈಯಲ್ಲಿ ಕೊಳೆಯೇನೂ ಇರಲಿಲ್ಲ. ಇಪ್ಪತ್ತಮೂರು ವರ್ಷದ ಒಬ್ಬ ಹುಡುಗಿ ಮುಂದಿನ ವಾರ ಮತ್ತೆ ಬಸ್ಸು ಹತ್ತುವುದನ್ನು ಕಣ್ಣಮುಂದೆ ತಂದುಕೊಳ್ಳಲು ನೋಡಿದಳು. ಬಸ್ಸು ಹೊರಟಿತು, ಹುಡುಗಿ ಕಿಟಕಿಯ ಬಳಿ ಕೂತಳು. ಅಲ್ಲಿಂದ ಮುಂದಕ್ಕೆ ಏನೂ ಕಾಣಲಿಲ್ಲ. ಆ ದಾರಿಯಲ್ಲಿ ಯಾವ ಗಂಡನೂ ಇರಲಿಲ್ಲ, ಅವನ ಸಾವೂ ಇರಲಿಲ್ಲ. ಮಗಳೂ ಇರಲಿಲ್ಲ. ನಲ್ಲಿ ನಿಲ್ಲಿಸಿದಳು. ಸಾಸೇಜು ಹುರಿಯುತ್ತಿದ್ದ ಅಡುಗೆಯವಳು, “ಏನಮ್ಮಾ, ಮೈ ಹುಷಾರಿಲ್ವಾ?” ಎಂದಳು. “ಇದೆ” ಎಂದಳು ವರ್ಲಾ.

ಕಟ್ಟೆಯ ಹಿಂದೆ ಕೂತು ಪುಸ್ತಕ ತೆರೆದಳು. ಹೌದು ಎಂದು ಗುರುತು ಹಾಕಲು ಈಗ ಯಾವ ಅಡ್ಡಿಯೂ ಇರಲಿಲ್ಲ. ಅವನೇ ಹೇಳಿದ್ದ. ಅವನಿಗೆ ಅದು ಸಲ್ಲಬೇಕಾದದ್ದೇ ಎನ್ನಿಸಿತು. ಆ ಅನ್ನಿಸಿಕೆಯನ್ನು ಅವಳು ತಳ್ಳಿಹಾಕಲಿಲ್ಲ. ಲೇಖನಿ ಹಿಡಿದು ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. ಅವನಿಗೆ ಏನು ಗೊತ್ತಿತ್ತು ಎಂದು ಅದು ಕೇಳಿರಲಿಲ್ಲ. ಯಾರು ಯಾರಿಗೆ ಏನು ಮಾಡಿದರು ಎಂದೂ ಕೇಳಿರಲಿಲ್ಲ. ಓದಿ ಹೇಳಲಾಗಿತ್ತೇ ಎಂದಷ್ಟೇ ಕೇಳಿತ್ತು.

ಇಲ್ಲ ಎಂಬುದರ ಮುಂದೆ ಗುರುತು ಹಾಕಿ, ಫೋನ್ ಎತ್ತಿಕೊಂಡಳು.

ಶೆರಿಡನ್ ಕಿರುಚುವ ಮನುಷ್ಯನಲ್ಲ. “ಜನವರಿಯಲ್ಲಿ ಸಹಿ ಮಾಡಿ ಕಳಿಸಿದ್ದೀಯಲ್ಲಮ್ಮ. ಹನ್ನೆರಡು ಪುಟಾನೂ ಓದಿದ್ದೀನಿ ಅಂತ ಇದೆ” ಎಂದ.

“ಹೌದು. ಅದು ಸುಳ್ಳು.”

ಆ ಕಡೆ ಕಾಗದ ಸರಿಸುವ ಸದ್ದಾಯಿತು. “ಯಾಕೆ ಹಾಗ್ ಮಾಡ್ದೆ?”

“ಕಾರಣ ಇತ್ತು. ಈಗ ಇಲ್ಲ.”

ಅವನು ಹೇಳಬೇಕಾದದ್ದನ್ನು ಮೃದುವಾಗಿಯೇ ಹೇಳಿದ. ಸುಳ್ಳು ಸಹಿ ಮಾಡಿದವರನ್ನು ಫ್ಲೋರ್‌ನಲ್ಲಿ ಇಡಲಾಗುವುದಿಲ್ಲ. ಹಂಚುವುದಕ್ಕೆ ಅಡ್ಡಿಯಿಲ್ಲ. ತಿಂಗಳ ಸಂಬಳ ಇರುವುದಿಲ್ಲ, ಗಂಟೆಯ ಕೂಲಿ, ಆಡುವವರು ಕೊಡುವ ಟಿಪ್ಸು, ಮೊದಲಿನ ಹಾಗೆ. ಸೋಮವಾರದಿಂದ. ಡೆಲ್ಮರನಿಗೆ ಆ ಪುಟ ಇವತ್ತೇ ಓದಿ ಹೇಳಬೇಕು. ಈ ದೂರು ಅವನ ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಸರಿ,” ಎಂದಳು.

ಡೆಲ್ಮರ್ ಮುಂದಿನ ಸರದಿಗೆ ಬಂದಾಗ ಅವನನ್ನು ಖಾಲಿ ಮೇಜಿನ ಬಳಿ ನಿಲ್ಲಿಸಿ ಏಳನೆಯ ಪುಟವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ದನಿಯಲ್ಲಿ ಏರಿಳಿತವಿರಲಿಲ್ಲ. ಯಾವ ಗುರುತು ಹಾಕಿದಳೆಂದು ಅವನಿಗೆ ಅದರಿಂದಲೇ ತಿಳಿಯಿತು. “ವರ್ಲಾ,” ಎಂದ. ಅವಳು ಪುಟದ ಕೆಳಗೆ ಬೆರಳಿಟ್ಟಳು. “ಇಲ್ಲಿ ಸಹಿ. ಕನ್ನಡಕ ಹಾಕ್ಕೊಳ್ಳಿ.”

*

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳ ಮೊದಲ ಸರದಿ. ಒಂಬತ್ತು ತಿಂಗಳು ಕಪಾಟಿನಲ್ಲಿದ್ದ ಕಪ್ಪು ಅಂಗಿಯ ಕಂಕುಳು ಬಿಗಿಯಾಗಿತ್ತು. ಡೆಲ್ಮರನಿಂದ ಮೇಜು ತೆಗೆದುಕೊಳ್ಳಬೇಕಿತ್ತು. ಅವನ ಹಿಂದೆ ಹೋಗಿ ನಿಂತಳು. ನಡೆಯುತ್ತಿರುವ ಸುತ್ತು ಮುಗಿಯುವವರೆಗೆ ಎಬ್ಬಿಸುವಂತಿಲ್ಲ.

“ಓಹೋ, ಬಂದ್ಲಪ್ಪಾ ನಮ್ಮ ಹುಡುಗಿ,” ಎಂದ ಜಸ್ಟೋ. “ಅಲ್ಲಿ ಎತ್ತರದಲ್ಲಿ ಕೂತು ಬೆನ್ನು ನೋವು ಬಂತೇನಮ್ಮಾ?”

“ನಿಮ್ಮ ಮುಖ ಅಲ್ಲಿಂದ ಸರಿಯಾಗಿ ಕಾಣ್ತಿರ್ಲಿಲ್ಲ,” ಎಂದಳು.

“ಹತ್ರದಿಂದ ನೋಡಿದ್ರೆ ಇನ್ನೂ ಕಷ್ಟ,” ಎಂದಳು ಆರ್ಡಿಸ್. ಟೋಬಿನ್ ಬಿಲ್ಲೆಗಳಿಂದ ತಲೆ ಎತ್ತಲಿಲ್ಲ. ಅವನ ಕಿವಿ ಕೆಂಪಾಗಿತ್ತು.

ಆರ್ಡಿಸ್ ಹದಿನೈದು ಕಟ್ಟಿದಳು. ಟೋಬಿನ್ ಮೂವತ್ತೈದು ಮಾಡಿದ. ಜಸ್ಟೋ ತನ್ನ ಬಿಲ್ಲೆಗಳನ್ನು ಎಣಿಸಿ, ನಿಲ್ಲಿಸಿ, ಡೆಲ್ಮರನ ಮುಖ ನೋಡಿದ. “ಏರಿಸೋಕೆ ಎಷ್ಟು ಬೇಕಯ್ಯಾ?”

ಡೆಲ್ಮರ್ ಟೋಬಿನ್‌ನ ಬಿಲ್ಲೆಗಳನ್ನು ನೋಡಿದ, ಆಮೇಲೆ ಆರ್ಡಿಸಳವನ್ನು, ಮತ್ತೆ ಟೋಬಿನ್‌ನವನ್ನು. ತುಟಿ ಸ್ವಲ್ಪ ಅಲುಗಿತು. ಹಿಂದೆ ನಿಂತ ವರ್ಲಾಳಿಗೆ ಅವನ ಕುತ್ತಿಗೆಯ ಬಿಳಿ ಕೂದಲು, ಕಿವಿಯ ಹಿಂದಿನ ಕನ್ನಡಕದ ಕಡ್ಡಿ ಮಾತ್ರ ಕಾಣುತ್ತಿತ್ತು.

“ಐವತ್ತೈದು,” ಎಂದ.

ಜಸ್ಟೋ ಐವತ್ತೈದು ಮಾಡಿದ. ಉಳಿದಿಬ್ಬರೂ ಪ್ಯಾಕ್ ಆದರು. ಡೆಲ್ಮರ್ ಪಣ ಸರಿಸಿ, ಎಲೆಗಳನ್ನು ಒಟ್ಟುಮಾಡಿ, ಕಟ್ಟನ್ನು ಮೇಜಿನ ನಡುವೆ ಇಟ್ಟು ಎದ್ದ. ಮೇಜು ಬಿಡುವವರು ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಕೈಯನ್ನು ಹಿಂದೆ ಮುಂದೆ ತಿರುಗಿಸಿ ಚಾವಣಿಯ ಕ್ಯಾಮೆರಾಗೆ ತೋರಿಸಬೇಕು, ಬಿಲ್ಲೆ ಏನೂ ಅಡಗಿಸಿಕೊಂಡಿಲ್ಲ ಎಂದು. ಅವನು ತಟ್ಟಿದ. ಕೈ ತಿರುಗಿಸಿದ. ಚಾವಣಿಗೆ ಅಷ್ಟು ಸಾಕಿತ್ತು. ಅವನು ಕೈ ಇಳಿಸಲಿಲ್ಲ. ಅವಳ ಕಡೆಗೆ ತಿರುಗಿ, ಅಂಗೈಗಳನ್ನು ಹಾಗೆಯೇ ಹಿಡಿದು ನಿಂತ.

ವರ್ಲಾ ನೋಡಿದಳು. ಆಮೇಲೆ ಅವನನ್ನು ಬಳಸಿ ಮುಂದೆ ಬಂದು ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು.